ಸೆರೆಮನೆಯ ಅನ್ನ ಮತ್ತು ಶ್ರಾವಕನ ವ್ರತ

(ವಿಜಯವಾಡದಲ್ಲಿ ನೆರೆದಿದ್ದ ಕನ್ನಡ ಜೈನ ಕುಟುಂಬಗಳ ಎದುರು ನೀಡಿದ ಉಪನ್ಯಾಸದ ಪಠ್ಯ)





ಇಂದಿನ ವಿಷಯ ಮಂಗಳಕರವಾದ ಸಭೆಗೆ ಒಪ್ಪುವಂಥದಲ್ಲವೆಂದು ಕೆಲವರಿಗೆ ತೋರಬಹುದು. ಸೆರೆಮನೆಯ ಮಾತು ಬಂದೊಡನೆ ಮರ್ಯಾದಸ್ಥ ಮನೆಗಳಲ್ಲಿ ದನಿ ತಗ್ಗುತ್ತದೆ. ಆದರೆ ವ್ಯಾಪಾರದಿಂದ ಬದುಕುವ ಸಮಾಜಕ್ಕೆ ಸೆರೆಮನೆ ಅಷ್ಟು ದೂರದ ಊರೇನೂ ಅಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 132ನೆಯ ಕಲಮನ್ನು ಒಮ್ಮೆ ಓದಿ ನೋಡಿರಿ. ಸರಕೇ ಸಾಗದೆ ಬಿಲ್ಲು ಮಾತ್ರ ಸಾಗಿ, ಅದರ ಮೇಲೆ 5 ಕೋಟಿ ರೂಪಾಯಿಗೂ ಮಿಗಿಲಾದ ತೆರಿಗೆ ಜಮೆ ಪಡೆದ ಆರೋಪ ಬಂದರೆ ಅದು ಜಾಮೀನನ್ನು ಹಕ್ಕಾಗಿ ಕೇಳಲಾಗದ ಅಪರಾಧ. ಆರೋಪ ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗುವುದಕ್ಕೆ ವರ್ಷಗಳು ಬೇಕು. ವ್ಯಾಪಾರಿ ಒಳಗೆ ಹೋಗುವುದಕ್ಕೆ ಒಂದು ಸಂಜೆ ಸಾಕು. ಅಂಥ ಸಂಜೆ ಮನೆಯವರು ವಕೀಲರನ್ನು ಕೇಳುವ ಮೊದಲ ಪ್ರಶ್ನೆ ಜಾಮೀನು ಯಾವಾಗ ಎಂಬುದು. ಎರಡನೆಯ ಪ್ರಶ್ನೆ, ಅಲ್ಲಿ ಊಟಕ್ಕೇನು ಮಾಡುತ್ತಾರೆ ಎಂಬುದು.

ಎರಡನೆಯ ಪ್ರಶ್ನೆ ಹುಟ್ಟುವುದು ಹಸಿವೆಯ ಭಯದಿಂದಲ್ಲ. ಸರಕಾರವು ಅನ್ನ ಹಾಕುತ್ತದೆಂಬುದು ಎಲ್ಲರಿಗೂ ಗೊತ್ತು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿದ್ದ ಸಾಂಬಾರನ್ನು ಅವನು ಮುಟ್ಟುವನೇ? ಗಾಳಿಸದ ನೀರನ್ನು ಕುಡಿಯುವನೇ? ಮಾಂಸ ಬೆಂದ ಪಾತ್ರೆಯಲ್ಲಿಯೇ ಮರುದಿನ ಬೇಳೆ ಬೇಯುವುದೇ? ಇವಿಷ್ಟನ್ನು ಬಾಯಿಬಿಟ್ಟು ಕೇಳುತ್ತಾರೆ. ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಅನೇಕರ ಮನಸ್ಸಿನಲ್ಲಿ ಉಳಿಯುತ್ತದೆ: ಆ ಅಡುಗೆಯನ್ನು ಮಾಡುವವನು ಯಾರು? ಈ ಉಪನ್ಯಾಸ ಮುಖ್ಯವಾಗಿ ಆ ಕೊನೆಯ ಪ್ರಶ್ನೆಯನ್ನು ಕುರಿತದ್ದು. ಅಲ್ಲಿಗೆ ಹೋಗುವ ಮುನ್ನ ಸೆರೆಮನೆಯ ಊಟವೆಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅವಶ್ಯ.

ಸೆರೆಮನೆಯ ಅಡುಗೆ ಒಲೆಯಿಂದ ಆರಂಭವಾಗುವುದಿಲ್ಲ, ಲೆಕ್ಕದ ಪುಸ್ತಕದಿಂದ ಆರಂಭವಾಗುತ್ತದೆ. ಬೆಳಗ್ಗೆ ಬೀಗ ತೆಗೆದು ತಲೆ ಎಣಿಸುತ್ತಾರೆ. ಆ ಎಣಿಕೆಯನ್ನು ಆಧರಿಸಿ ಉಗ್ರಾಣದಿಂದ ಅಕ್ಕಿ, ಬೇಳೆ, ಎಣ್ಣೆ, ಉಪ್ಪು ಹೊರಬರುತ್ತವೆ. ಹುಣಿಸೆಹಣ್ಣಿಗೂ ಮೆಣಸಿನಕಾಯಿಗೂ ತಲೆಗೆ ಇಷ್ಟು ಗ್ರಾಂ ಎಂಬ ಕಟ್ಟಳೆಯುಂಟು. ನ್ಯಾಯಾಲಯಕ್ಕೆ ಕರೆದೊಯ್ದವರು, ಬಿಡುಗಡೆ ಹೊಂದಿದವರು, ಆಸ್ಪತ್ರೆಗೆ ಸೇರಿದವರು, ಸಂಜೆ ಹೊಸದಾಗಿ ಬಂದವರು, ಇವರನ್ನೆಲ್ಲ ಕೂಡಿಸಿ ಕಳೆದು ದಿನದ ಲೆಕ್ಕ ತಾಳೆಯಾಗಬೇಕು. ಲೆಕ್ಕಪರಿಶೋಧಕರ ದೃಷ್ಟಿಯಿಂದ ನೋಡಿದರೆ ಇದು ತಕ್ಕಮಟ್ಟಿಗೆ ಅಚ್ಚುಕಟ್ಟಾದ ವ್ಯವಸ್ಥೆ. ಕಳ್ಳತನ ನಡೆದರೂ ಎಲ್ಲಿ ನಡೆಯಿತೆಂದು ಹುಡುಕಲು ಕಾಗದಗಳಾದರೂ ಇರುತ್ತವೆ. ಆದರೆ ಆ ಪುಸ್ತಕದಲ್ಲಿ ತಲೆಯೊಂದು ತಲೆ ಅಷ್ಟೆ. ಒಬ್ಬನು ಏನನ್ನು ತಿನ್ನುವುದಿಲ್ಲ, ಯಾವ ತಿಥಿಯಂದು ಉಪವಾಸವಿರುತ್ತಾನೆ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಒಳಗಿರುವವನ ಸ್ಥಿತಿ ಇದಕ್ಕೆ ನೇರ ವಿರುದ್ಧವಾದದ್ದು. ಬಾಗಿಲಲ್ಲಿಯೇ ಕೈಗಡಿಯಾರ, ಮೊಬೈಲ್, ಉಂಗುರ, ಹಣ, ಎಲ್ಲವನ್ನೂ ಬರೆಸಿ ಒಪ್ಪಿಸಿದವನಿಗೆ ಉಳಿಯುವ ಸೊತ್ತು ಒಂದು ತಟ್ಟೆ, ಒಂದು ಲೋಟ. ಗಡಿಯಾರವಿಲ್ಲದವನಿಗೆ ಊಟದ ಸಾಲೇ ಗಡಿಯಾರ. ತನ್ನ ಸರದಿ ಬಂದಾಗ ಸೌಟು ಸಾಂಬಾರಿನ ತಳ ಮುಟ್ಟಿತೋ ಮೇಲಿನ ನೀರಿನಲ್ಲಿಯೇ ಆಡಿತೋ ಎಂಬುದು ಅಲ್ಲಿ ಸಣ್ಣ ಸಂಗತಿಯಲ್ಲ. ಬಡಿಸುವವನು ತನ್ನನ್ನು ಹೇಗೆ ಎಣಿಸಿದ್ದಾನೆ ಎಂಬುದಕ್ಕೆ ಅದೊಂದೇ ಗುರುತು. ಮನೆಯವರು ಕಟ್ಟಿದ ಹಣದಿಂದ ಕ್ಯಾಂಟೀನಿನಲ್ಲಿ ಉಪ್ಪಿನಕಾಯಿ ಕೊಳ್ಳಬಲ್ಲವನಿಗೂ ಕೊಳ್ಳಲಾರದವನಿಗೂ ನಡುವೆ ಒಂದೇ ಬ್ಯಾರಕಿನಲ್ಲಿ ಎರಡು ಅಂತಸ್ತುಗಳು ಹುಟ್ಟುತ್ತವೆ.

ಸಂಜೆಯ ಊಟದ ಹೊತ್ತನ್ನು ಜೈನರು ವಿಶೇಷವಾಗಿ ಗಮನಿಸಬೇಕು. ಭಾರತದ ಬಹುತೇಕ ಸೆರೆಮನೆಗಳಲ್ಲಿ ರಾತ್ರಿಯ ಊಟವೆಂಬುದು ಹಗಲಿನಲ್ಲಿಯೇ ಮುಗಿಯುತ್ತದೆ. ಸುಮಾರು ಐದು ಗಂಟೆಗೆ ಬಡಿಸಿ, ಸೂರ್ಯ ಮುಳುಗುವ ಮುನ್ನ ಎಣಿಸಿ ಬೀಗ ಹಾಕುತ್ತಾರೆ. ಅನಸ್ತಮಿತ ವ್ರತವನ್ನು ಪಾಲಿಸಲು ವಿಜಯವಾಡದ ಅಂಗಡಿಯಲ್ಲಿ ಕುಳಿತ ವ್ಯಾಪಾರಿ ಎಷ್ಟು ಪರದಾಡುತ್ತಾನೆಂಬುದು ಇಲ್ಲಿರುವವರಿಗೆ ಗೊತ್ತು; ಸೆರೆಮನೆಯಲ್ಲಿ ಅದು ತಾನಾಗಿಯೇ ಒದಗುತ್ತದೆ. ಹೀಗೆಂದು ಯಾರೂ ಸಂತೋಷಪಡಬೇಕಾಗಿಲ್ಲ. ಅನೇಕ ಬಂದಿಗಳು ಐದು ಗಂಟೆಗೆ ಕೊಟ್ಟ ಅನ್ನವನ್ನು ತಟ್ಟೆ ಮುಚ್ಚಿಟ್ಟು, ಎಂಟು ಗಂಟೆಗೆ ತಣ್ಣಗಾದ ಮೇಲೆ ಉಣ್ಣುತ್ತಾರೆ. ಬೀಗದೊಳಗಿನ ಹನ್ನೆರಡು ಗಂಟೆಗಳನ್ನು ಬರಿಹೊಟ್ಟೆಯಲ್ಲಿ ಕಳೆಯುವುದು ಕಷ್ಟವೆಂಬುದು ಒಂದು ಕಾರಣ. ಯಾವಾಗ ಉಣ್ಣಬೇಕೆಂಬುದನ್ನಾದರೂ ತಾನೇ ನಿಶ್ಚಯಿಸಿದಂತಾಗಲಿ ಎಂಬುದು ಇನ್ನೊಂದು.

ಗಾಂಧೀಜಿ 1908ರಲ್ಲಿ ದಕ್ಷಿಣ ಆಫ್ರಿಕೆಯ ಸೆರೆಮನೆಯನ್ನು ಮೊದಲ ಬಾರಿ ಕಂಡಾಗ ಇದೇ ನಿಯಮವನ್ನು ಎದುರಿಸಿದರು. ಸೂರ್ಯಾಸ್ತಕ್ಕೆ ಮುನ್ನ ಕೊನೆಯ ಊಟ ಮುಗಿಯಬೇಕು, ಭಾರತೀಯ ಮತ್ತು ಆಫ್ರಿಕನ್ ಬಂದಿಗಳಿಗೆ ಚಹಾ ಕಾಫಿ ಇಲ್ಲ. ಸಂಯಮಿಯಾದವನು ತಾನಾಗಿಯೇ ಪಾಲಿಸಬೇಕಾದ ನಿಯಮಗಳೇ ಇವು ಎಂದು ಅವರಿಗೆ ತೋರಿತು. ಬಿಡುಗಡೆಯಾದ ನಂತರ ಸ್ವಂತ ಇಚ್ಛೆಯಿಂದ ಅವನ್ನು ಕೈಗೊಂಡರು. ಹೊರಗಿನಿಂದ ಹೇರಿದ ನಿರ್ಬಂಧಕ್ಕೂ ತಾನೇ ಹಾಕಿಕೊಂಡ ನಿರ್ಬಂಧಕ್ಕೂ ಫಲದಲ್ಲಿ ಬಹಳ ಅಂತರವಿದೆಯೆಂದು ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ವ್ರತವೆಂಬ ಶಬ್ದದ ಅರ್ಥವೂ ಇದೇ. ತ್ಯಜಿಸಲು ಸ್ವಾತಂತ್ರ್ಯವಿದ್ದವನು ತ್ಯಜಿಸಿದರೆ ವ್ರತ. ಕೊಡದೆ ಇದ್ದದ್ದನ್ನು ತಿನ್ನದೆ ಇದ್ದರೆ ಅದು ಬರಿಯ ಕೊರತೆ. ಆದ್ದರಿಂದ ಬಂದಿಯೊಬ್ಬನು ತನ್ನ ಆಹಾರವ್ರತವನ್ನು ಉಳಿಸಿಕೊಳ್ಳಲು ಕೇಳುವುದು ಸವಲತ್ತಿನ ಬೇಡಿಕೆಯಲ್ಲ. ಎಲ್ಲವನ್ನೂ ಕಳೆದುಕೊಂಡವನು ಒಂದು ಇಚ್ಛೆಯನ್ನು ಉಳಿಸಿಕೊಳ್ಳಲು ಬಯಸುತ್ತಾನೆ, ಅಷ್ಟೆ.

ಕಾನೂನು ಏನು ಹೇಳುತ್ತದೆ? ಆಂಧ್ರದಲ್ಲಿ ಕಾರಾಗೃಹಗಳು 1894ರ ಕಾಯಿದೆ ಹಾಗೂ 1979ರ ನಿಯಮಗಳಂತೆ ನಡೆದುಬಂದಿವೆ. ಆ ಕಾಯಿದೆಯ 31ನೆಯ ಕಲಮಿನ ಪ್ರಕಾರ ಇನ್ನೂ ಅಪರಾಧಿಯೆಂದು ತೀರ್ಮಾನವಾಗದ ಬಂದಿಯು, ತಪಾಸಣೆಗೂ ನಿಯಮಗಳಿಗೂ ಒಳಪಟ್ಟು, ತನ್ನ ಆಹಾರವನ್ನು ಹೊರಗಿನಿಂದ ಕೊಳ್ಳಬಹುದು ಇಲ್ಲವೆ ತರಿಸಿಕೊಳ್ಳಬಹುದು. ಕರ್ನಾಟಕದ 1963ರ ಕಾಯಿದೆಯಲ್ಲಿಯೂ ಇಂಥ ಅವಕಾಶವುಂಟು. ಈ ಕಲಮನ್ನು ಜನಸಾಮಾನ್ಯರು ಕೇಳಿದ್ದು ದೊಡ್ಡವರ ಪ್ರಕರಣಗಳಿಂದ. 2023ರ ಸೆಪ್ಟೆಂಬರ್ 9ರಂದು ಚಂದ್ರಬಾಬು ನಾಯ್ಡು ಅವರನ್ನು ಬಂಧಿಸಿ, ಮರುದಿನ ವಿಜಯವಾಡದ ಎಸಿಬಿ ನ್ಯಾಯಾಲಯದ ಆದೇಶದಂತೆ ರಾಜಮಹೇಂದ್ರಿಯ ಕೇಂದ್ರ ಕಾರಾಗೃಹಕ್ಕೆ ಕಳುಹಿಸಿದಾಗ, ಮನೆಯೂಟಕ್ಕೂ ಔಷಧಕ್ಕೂ ನ್ಯಾಯಾಲಯ ಅನುಮತಿ ಕೊಟ್ಟಿತು. ಅಕ್ಟೋಬರ್ 31ರಂದು ಅವರಿಗೆ ಮಧ್ಯಂತರ ಜಾಮೀನು ದೊರೆಯಿತು. ಮರುವರ್ಷ ಅಧಿಕಾರ ಕೈಬದಲಾಯಿತು. ಆಮೇಲೆ ಬಂಧಿತರಾದ ಎದುರು ಪಕ್ಷದ ನಾಯಕರೂ ವಿಜಯವಾಡದ ನ್ಯಾಯಾಲಯದ ಮುಂದೆ ನಿಂತು ಕೇಳಿದ್ದರಲ್ಲಿ ಮನೆಯೂಟವೂ ಸೇರಿತ್ತು. ಪಕ್ಷಗಳು ಬದಲಾದರೂ ಅರ್ಜಿಯ ಒಕ್ಕಣೆ ಬದಲಾಗಲಿಲ್ಲವೆಂಬುದು ಒಂದು ವಿನೋದ. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ನಟ ದರ್ಶನ್ ಅವರ ಮನೆಯೂಟದ ಕೋರಿಕೆಯನ್ನು ಮ್ಯಾಜಿಸ್ಟ್ರೇಟ್ ನ್ಯಾಯಾಲಯ ನಿರಾಕರಿಸಿತು. ಮರುತಿಂಗಳೇ ಅವರು ಪರಪ್ಪನ ಅಗ್ರಹಾರದ ಹುಲ್ಲುಹಾಸಿನ ಮೇಲೆ ಲೋಟ ಹಿಡಿದು ಕುಳಿತ ಚಿತ್ರ ಹೊರಬಂದಿತು. ನ್ಯಾಯಾಲಯದ ಕಾಗದವೊಂದು, ಸೆರೆಮನೆಯ ಒಳಗಿನ ಸತ್ಯವೊಂದು ಎಂಬುದನ್ನು ಅಂದು ನಾಡೆಲ್ಲ ನೋಡಿತು.

ಇನ್ನು ದೊಡ್ಡವರಲ್ಲದವರ ಮಾತು. ಸರಕಾರಿ ಅಂಕಿ ಅಂಶಗಳಂತೆ 2022ರ ಡಿಸೆಂಬರ್ 31ರಂದು ದೇಶದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ ವಿಚಾರಣಾಧೀನರು 4,34,302, ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಕಾಗದದ ಮೇಲೆ ಇವರೆಲ್ಲರೂ 31ನೆಯ ಕಲಮಿನ ವ್ಯಾಪ್ತಿಗೆ ಬರುವವರೇ. ವಿಜಯವಾಡದ ಸೆರೆಮನೆ ಊರ ನಡುವೆ, ಗಾಂಧಿನಗರದಲ್ಲಿದೆ. ವನ್ ಟೌನಿನ ಮನೆಯಿಂದ ಡಬ್ಬಿ ಬಿಸಿಯಾಗಿಯೇ ತಲುಪಬಹುದು. ವಿಶಾಖಪಟ್ಟಣದ ಕೇಂದ್ರ ಕಾರಾಗೃಹ ಸಿಂಹಾಚಲದ ಬದಿಯ ಅಡವಿವರಂನಲ್ಲಿದೆ. ಅದು ತನ್ನ ಅಳತೆಗಿಂತ ಬಹಳ ಹೆಚ್ಚು ಜನರನ್ನು ತುಂಬಿಕೊಂಡಿರುವುದು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿದೆ. ಒಳಗಿರುವವರಲ್ಲಿ ದೊಡ್ಡ ಪಾಲು ಗಾಂಜಾ ಪ್ರಕರಣಗಳವರು. ಪಾಡೇರು ಕಡೆಯ ಬೆಟ್ಟದ ಆದಿವಾಸಿಗಳು, ಒಡಿಶಾದ ಗಡಿಯವರು, ಮೂಟೆ ಹೊತ್ತದ್ದಕ್ಕೆ ಸಿಕ್ಕಿಬಿದ್ದ ಕೂಲಿಗಳು ಅವರಲ್ಲಿದ್ದಾರೆ. ಘಟ್ಟದ ದಾರಿಯಲ್ಲಿ ನೂರು ಕಿಲೋಮೀಟರ್ ಇಳಿದು ಬರುವ ಡಬ್ಬಿ ಯಾವುದು? ಅವರ ಮನೆಯ ಊಟವೆಂದರೆ ಚೋಡಿ ಅಂಬಲಿ. ಉತ್ತರಾಂಧ್ರದಲ್ಲಿ ಚೋಡಿ ಎಂದರೆ ರಾಗಿಯೇ, ಅಂಬಲಿ ಎಂದರೆ ಕನ್ನಡದ ಅಂಬಲಿಯೇ. ಸೆರೆಮನೆಯ ಬಿಳಿಯ ಅನ್ನವನ್ನು ಉಂಡು ಹೊಟ್ಟೆ ತುಂಬಿದರೂ ಊಟ ಮಾಡಿದಂತಾಗದವನ ಕಷ್ಟವನ್ನು, ಮುದ್ದೆಯ ನಾಡಿನಿಂದ ಬಂದು ಇಲ್ಲಿ ನೆಲಸಿದ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದುಹೋದ ಅಡುಗೆಯ ನೆನಪು ಬಂದಿಗಳಿಗೆ ಎಷ್ಟು ದೊಡ್ಡ ಆಸ್ತಿ ಎಂಬುದಕ್ಕೆ ಜಗತ್ತಿನಲ್ಲಿ ಒಂದು ವಿಚಿತ್ರವಾದ ಸಾಕ್ಷ್ಯವಿದೆ. ನಾಜಿಗಳ ಟೆರೆಜೀನ್ ಶಿಬಿರದಲ್ಲಿ ಹಸಿವೆಯಿಂದ ಸಾಯುತ್ತಿದ್ದ ಯಹೂದಿ ಹೆಂಗಸರು ತಮ್ಮ ಮನೆಗಳ ಅಡುಗೆಯ ವಿಧಾನಗಳನ್ನು ನೆನಪಿನಿಂದ ಬರೆದಿಟ್ಟರು. ಬೆಣ್ಣೆ ಇಷ್ಟು, ಮೊಟ್ಟೆ ಇಷ್ಟು ಎಂದು ಬರೆದವರಿಗೆ ಆ ಹೊತ್ತಿನಲ್ಲಿ ಬ್ರೆಡ್ಡಿನ ಚೂರಿಗೂ ಗತಿಯಿರಲಿಲ್ಲ. ಮೀನಾ ಪೆಖ್ಟರ್ ಎಂಬಾಕೆ 1944ರಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆ ಸ್ನೇಹಿತನೊಬ್ಬನ ಕೈಗೆ ಒಪ್ಪಿಸಿದ್ದ ಕಟ್ಟು ಕಾಲು ಶತಮಾನದ ನಂತರ ನ್ಯೂಯಾರ್ಕಿನಲ್ಲಿದ್ದ ಮಗಳನ್ನು ತಲುಪಿತು. 1996ರಲ್ಲಿ ಅದು ಪುಸ್ತಕವಾಯಿತು.

31ನೆಯ ಕಲಮಿನ ಪಕ್ಕದಲ್ಲಿಯೇ ಇನ್ನೊಂದು ಕಲಮಿದೆ. ವಕೀಲರು ಅದನ್ನು ಮನೆಯವರಿಗೆ ಓದಿ ಹೇಳುವುದು ಅಪರೂಪ. 32ನೆಯ ಕಲಮಿನ ಪ್ರಕಾರ, ಹೊರಗಿನಿಂದ ಬಂದ ಆಹಾರದ ಯಾವ ಭಾಗವನ್ನೂ ಬೇರೊಬ್ಬ ಬಂದಿಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಕೊಟ್ಟರೆ ತರಿಸಿಕೊಳ್ಳುವ ಅನುಮತಿಯೇ ತಪ್ಪಿಹೋಗಬಹುದು. ಮಾರಾಟವನ್ನು ತಡೆಯುವ ಉದ್ದೇಶ ಅರ್ಥವಾಗುವಂಥದೇ. ಆದರೂ ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಎಣಿಸುವ ಮನೆಯಿಂದ ಹೋದವನು, ಅರುವತ್ತು ಜನ ಮಲಗುವ ಬ್ಯಾರಕಿನಲ್ಲಿ, ಪಕ್ಕದವನಿಗೆ ಒಂದು ತುತ್ತೂ ಕೊಡದೆ, ತನ್ನ ಡಬ್ಬಿಯನ್ನು ಗೋಡೆಯ ಕಡೆಗೆ ತಿರುಗಿ ಕುಳಿತು ಮುಗಿಸಬೇಕು. ಮನೆಯೂಟ ಸಿಕ್ಕಿತೆಂಬ ಸಮಾಧಾನದಲ್ಲಿ ಹೊರಗಿನವರಿಗೆ ಈ ಚಿತ್ರ ಕಾಣುವುದಿಲ್ಲ. ಪ್ರತ್ಯೇಕ ಡಬ್ಬಿಯೇ ಸರಿಯಾದ ಪರಿಹಾರವೆಂದು ಒಪ್ಪಿಕೊಳ್ಳುವ ಮುನ್ನ ಸಮಾಜ ಇದನ್ನು ಯೋಚಿಸಬೇಕು.

ಈಗ, ಅಡುಗೆ ಮಾಡುವವನು ಯಾರು ಎಂಬ ಪ್ರಶ್ನೆ. ಇದಕ್ಕೆ ಸುಮಾರು ಎರಡು ನೂರು ವರ್ಷಗಳ ಇತಿಹಾಸವಿದೆ. ಕಂಪನಿಯ ಆಳ್ವಿಕೆಯ ಮೊದಲ ದಶಕಗಳಲ್ಲಿ ಬಂಗಾಳ ಪ್ರಾಂತದ ಬಂದಿಗಳಿಗೆ ದಿನಕ್ಕಿಷ್ಟು ಕಾಸು ಕೊಡುತ್ತಿದ್ದರು. ಅವರವರು ದಿನಸಿ ಕೊಂಡು ಅವರವರ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಅದನ್ನು ನಿಲ್ಲಿಸಿ ಒಟ್ಟಿಗೆ ಬೇಯಿಸಿ ಬಡಿಸುವ ಪದ್ಧತಿ ತಂದಾಗ ಬಿಹಾರದ ಸೆರೆಮನೆಗಳಲ್ಲಿ ದಂಗೆಗಳೆದ್ದವು. 1855ರಲ್ಲಿ ಹಿತ್ತಾಳೆಯ ಲೋಟಗಳನ್ನು ಕಿತ್ತುಕೊಂಡಾಗ ಆರಾ ಮತ್ತು ಮುಜಫ್ಫರಪುರಗಳಲ್ಲಿ ಮತ್ತೆ ದಂಗೆ. ಜಾತಿ ಕೆಡುವ ಭಯವೇ ಇದಕ್ಕೆ ಕಾರಣವೆಂದು ಅಧಿಕಾರಿಗಳು ಬರೆದರು. ಅದು ಸುಳ್ಳಲ್ಲ, ಆದರೆ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳುವ ಹಿಡಿಯಷ್ಟು ಸ್ವಾತಂತ್ರ್ಯ ಹೋದ ಸಿಟ್ಟೂ ಅದರೊಳಗೆ ಇದ್ದಿರಲೇಬೇಕು. ಸರಕಾರ ಜಾತಿಯ ಭಯವನ್ನು ಮಾತ್ರ ಕೇಳಿಸಿಕೊಂಡು ಅದಕ್ಕೆ ತಕ್ಕ ಏರ್ಪಾಟು ಮಾಡಿತು. ಬಂದಿಗಳ ಅನ್ನವನ್ನು ತಕ್ಕ ಜಾತಿಯವರೇ ಬೇಯಿಸಿ ಒಯ್ಯಬೇಕೆಂದೂ, ಇರುವ ಅಡುಗೆಯವರ ಕೈಯಿಂದ ಉಣ್ಣಲಾರದಷ್ಟು ಮೇಲ್ಜಾತಿಯವನಿದ್ದರೆ ಅವನನ್ನೇ ಎಲ್ಲರಿಗೂ ಅಡುಗೆಯವನನ್ನಾಗಿ ನೇಮಿಸಬೇಕೆಂದೂ ಪಶ್ಚಿಮ ಬಂಗಾಳದ ಸೆರೆಮನೆ ಸಂಹಿತೆಯಲ್ಲಿ ನಿಯಮಗಳಿದ್ದವು. ಸ್ವಾತಂತ್ರ್ಯ ಬಂದು ಏಳು ದಶಕಗಳಾದ ಮೇಲೂ ಅವು ಅಲ್ಲಿಯೇ ಇದ್ದವು.

ಪತ್ರಕರ್ತೆ ಸುಕನ್ಯಾ ಶಾಂತಾ ಇಂಥ ನಿಯಮಗಳನ್ನೆಲ್ಲ ಹುಡುಕಿ ಬರೆದು, ಬಳಿಕ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ನೇತೃತ್ವದ ಪೀಠ ತೀರ್ಪು ಕೊಟ್ಟಿತು. ಅಡುಗೆಯನ್ನು ಮೇಲ್ಜಾತಿಗೂ ಕಸಗುಡಿಸುವುದನ್ನು ಕೆಳಜಾತಿಗೂ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ರದ್ದಾದವು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೆಯ ವಿಧಿಯೂ ಆಧಾರಗಳಲ್ಲಿ ಒಂದು. ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕೆಂದೂ, ಬಂದಿಗಳ ರಿಜಿಸ್ಟರಿನಲ್ಲಿರುವ ಜಾತಿಯ ಅಂಕಣವನ್ನೇ ತೆಗೆದುಹಾಕಬೇಕೆಂದೂ ಎಲ್ಲ ರಾಜ್ಯಗಳಿಗೆ ಆದೇಶವಾಯಿತು. ಲೆಕ್ಕದ ಪುಸ್ತಕಗಳೊಂದಿಗೆ ಬದುಕುವವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಅಂಕಣವೊಂದಿದ್ದರೆ ಅದನ್ನು ತುಂಬಲೇಬೇಕು. ತುಂಬಿದ್ದನ್ನು ಯಾರಾದರೂ ಬಳಸದೆ ಬಿಡುವುದಿಲ್ಲ.

ಹುಟ್ಟನ್ನು ನೋಡಿ ತಟ್ಟೆ ತುಂಬುವ ಪದ್ಧತಿ ಭಾರತದ್ದು ಮಾತ್ರವೇನೂ ಅಲ್ಲ. ರಾಬ್ಬನ್ ದ್ವೀಪದಲ್ಲಿ ಮಂಡೇಲರಿಗೆ ಬ್ರೆಡ್ ಇರಲಿಲ್ಲ, ಅದೇ ಹೋರಾಟದಲ್ಲಿ ಅದೇ ಶಿಕ್ಷೆಗೆ ಗುರಿಯಾಗಿದ್ದ ಅಹಮದ್ ಕತ್ರಾಡಾರಿಗೆ ಇತ್ತು. ಒಬ್ಬರು ಆಫ್ರಿಕನ್, ಇನ್ನೊಬ್ಬರು ಭಾರತೀಯ ಮೂಲದವರು ಎಂಬುದಷ್ಟೇ ಕಾರಣ.

ತೀರ್ಪು ಬಂದ ಮೇಲೆ ಜೈನ ಸಮಾಜದ ಒಳಗೆ ಒಂದು ಗೊಂದಲದ ಮಾತು ಕೇಳಿಬರುತ್ತದೆ: ಇನ್ನು ಮೇಲೆ ಶುದ್ಧವಾದ ಆಹಾರವನ್ನು ಕೇಳುವುದೂ ಜಾತಿಭೇದವೆನಿಸಿಕೊಳ್ಳುವುದೇ ಎಂದು. ಎನಿಸಿಕೊಳ್ಳುವುದಿಲ್ಲ, ಕೇಳುವವನು ಏನನ್ನು ಕೇಳುತ್ತಿದ್ದಾನೆಂಬುದು ಅವನಿಗೇ ಸ್ಪಷ್ಟವಾಗಿದ್ದರೆ. ಕಂದಮೂಲವನ್ನು ಬಿಡುವುದು ಅನಂತಕಾಯ ಜೀವಗಳ ಮೇಲಣ ದಯೆಯಿಂದ. ನೀರನ್ನು ಗಾಳಿಸುವುದೂ, ಕತ್ತಲೆಯಲ್ಲಿ ಉಣ್ಣದಿರುವುದೂ ಅದರಿಂದಲೇ. ಇವೆಲ್ಲ ಪಾತ್ರೆಯೊಳಗೆ ಏನಿದೆ ಎಂಬುದಕ್ಕೆ ಸಂಬಂಧಿಸಿದವು. ಸೌಟು ಹಿಡಿದವನ ಕುಲವನ್ನು ಕೇಳುವ ಅಗತ್ಯ ಈ ವ್ರತಗಳಲ್ಲಿ ಯಾವುದಕ್ಕೂ ಇಲ್ಲ. ಆದರೆ ಕನ್ನಡ ನಾಡಿನ ಜೈನ ಮನೆಗಳಲ್ಲಿ ಮಡಿಯೆಂಬುದು ನೆರೆಯವರಿಂದ ಕಲಿತು ಬೇರೂರಿದ ಪದ್ಧತಿ. ಅದು ವ್ರತದ ಜೊತೆಗೆ ಎಷ್ಟು ಹೆಣೆದುಕೊಂಡಿದೆಯೆಂದರೆ, ಎಲ್ಲಿ ದಯೆ ಮುಗಿದು ಎಲ್ಲಿ ಜಾತಿ ಶುರುವಾಯಿತೆಂಬುದು ಅಡುಗೆಮನೆಯಲ್ಲಿ ನಿಂತವರಿಗೂ ತಿಳಿಯದು. ಇದನ್ನು ಸಭೆಯಲ್ಲಿ ಹೇಳಿದರೆ ಹಿರಿಯರಿಗೆ ನೋವಾಗುತ್ತದೆಂದು ಬಿಡುವಂತಿಲ್ಲ.

ಶಾಸ್ತ್ರವನ್ನೇ ಕೇಳುವುದಾದರೆ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಣುವ್ರತಗಳ ಫಲವನ್ನು ಹೇಳುವಾಗ ಅಹಿಂಸಾಣುವ್ರತಕ್ಕೆ ಮೊದಲ ಉದಾಹರಣೆಯಾಗಿ ಯಾರನ್ನು ಹೆಸರಿಸಿದ್ದಾರೆ? ರಾಜನನ್ನಲ್ಲ, ಶ್ರೇಷ್ಠಿಯನ್ನೂ ಅಲ್ಲ, ಒಬ್ಬ ಮಾತಂಗನನ್ನು. ವ್ಯಾಖ್ಯಾನಗಳಲ್ಲಿ ಅವನ ಹೆಸರು ಯಮಪಾಲ. ಅವನ ಕಸುಬು, ಅರಸನು ಶಿಕ್ಷೆ ವಿಧಿಸಿದವರ ಕೊರಳು ತೆಗೆಯುವುದು. ಚತುರ್ದಶಿಯಂದು ಕೊಲ್ಲುವುದಿಲ್ಲವೆಂಬ ಒಂದೇ ವ್ರತವನ್ನು ಅವನು ತೊಟ್ಟಿದ್ದ. ಆ ದಿನ ಅರಸನ ಆಜ್ಞೆ ಬಂದಾಗ ಪ್ರಾಣ ಹೋದರೂ ಸರಿಯೆಂದು ನಿರಾಕರಿಸಿದ. ಸೆರೆಮನೆಯ ವಧಾಸ್ಥಾನದಲ್ಲಿ ನಿಂತ ಚಾಂಡಾಲನನ್ನು ಅಹಿಂಸೆಗೆ ಮಾದರಿಯಾಗಿ ಇರಿಸಿಕೊಂಡ ಧರ್ಮದವರು, ಸೆರೆಮನೆಯ ಅಡುಗೆಯವನ ಜಾತಿಯನ್ನು ವಿಚಾರಿಸಿದರೆ ಅದಕ್ಕೆ ಯಾವ ಶ್ರಾವಕಾಚಾರದ ಬೆಂಬಲವನ್ನು ತೋರಿಸುವರೋ ತಿಳಿಯದು.

ವ್ರತಕ್ಕಾಗಿ ಸೆರೆಮನೆಯಲ್ಲಿ ಹಟ ಹಿಡಿದವರೂ ಸಮಾಜದಲ್ಲಿದ್ದಾರೆ. ಜೈಪುರದ ಅರ್ಜುನಲಾಲ್ ಸೇಠಿ ಜೈನ ವಿದ್ವಾಂಸರು, ಶಾಲೆ ಕಟ್ಟಿದವರು, ಕ್ರಾಂತಿಕಾರಿಗಳ ಸಂಗಾತಿ. 1914ರಲ್ಲಿ ಬಂಧಿಸಿದ ಸರಕಾರ ವಿಚಾರಣೆಯನ್ನೇ ನಡೆಸದೆ ಅವರನ್ನು ಕೊನೆಗೆ ಮದರಾಸು ಪ್ರಾಂತದ ವೆಲ್ಲೂರಿನ ಸೆರೆಮನೆಗೆ ಸಾಗಿಸಿತು. ಜಿನದರ್ಶನವಿಲ್ಲದೆ ಆಹಾರವನ್ನು ಸ್ವೀಕರಿಸುವುದಿಲ್ಲವೆಂಬುದು ಅವರ ನೇಮ. ಅಧಿಕಾರಿಗಳು ಒಪ್ಪಲಿಲ್ಲ, ಅವರು ಉಣ್ಣಲಿಲ್ಲ. ಉಪವಾಸ ದೀರ್ಘವಾಗಿ ನಡೆದು, ದೇಶದ ಜೈನರಲ್ಲಿ ಕಳವಳವೆದ್ದು, ಆನಿ ಬೆಸೆಂಟ್ ಅವರಂಥವರೂ ಅವರ ಪರವಾಗಿ ದನಿಯೆತ್ತಿದರು. ಕೊನೆಗೆ ಸೆರೆಮನೆಯೊಳಕ್ಕೆ ಜಿನಬಿಂಬವನ್ನು ತರಲು ಅವಕಾಶವಾಯಿತು. ಅವರು ಪಣವಾಗಿ ಒಡ್ಡಿದ್ದು ತಮ್ಮ ಹಸಿವೆಯನ್ನು. ಇನ್ನೊಬ್ಬ ಬಂದಿಯ ಪಾಲಿನಿಂದ ಅವರಿಗೆ ಏನೂ ಬೇಕಾಗಿರಲಿಲ್ಲ.

ಈ ನೆಲದಲ್ಲಿಯೇ ಇನ್ನೊಂದು ಮಾದರಿಯುಂಟು. ಬಿಜವಾಡದ ನಡುಂಬಿ ವಸದಿಗೆ ಏಳನೆಯ ಶತಮಾನದಲ್ಲಿ ಪೂರ್ವ ಚಾಲುಕ್ಯರ ರಾಣಿ ಅಯ್ಯಣ ಮಹಾದೇವಿ ದತ್ತಿ ಕೊಟ್ಟಳೆಂಬುದನ್ನು ವಿಜಯವಾಡದ ಜೈನರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅದಕ್ಕಿಂತ ಕಡಮೆ ಜನ ಬಲ್ಲದ್ದು ಹತ್ತನೆಯ ಶತಮಾನದ ಕಲುಚುಂಬರ್ರು ಶಾಸನ. ಇಮ್ಮಡಿ ಅಮ್ಮರಾಜನ ಕಾಲದ್ದು. ಗೋದಾವರಿಯ ಸೀಮೆಯ ಅತ್ತಿಲಿ ನಾಡಿನ ಒಂದು ಗ್ರಾಮವನ್ನು, ಚಾಮೆಕಾಂಬೆ ಎಂಬ ಶ್ರಾವಕಿಯ ಕೋರಿಕೆಯಂತೆ, ಅರ್ಹನಂದಿ ಮುನಿಗಳಿಗೆ ದಾನ ಕೊಟ್ಟ ವಿಷಯ ಅದರಲ್ಲಿದೆ. ದಾನದ ಉದ್ದೇಶ ಒಂದು ಜಿನಾಲಯದ ಅನ್ನಸತ್ರದ ಜೀರ್ಣೋದ್ಧಾರ. ಆ ಜಿನಾಲಯದ ಹೆಸರು ಸರ್ವಲೋಕಾಶ್ರಯ ಜಿನಭವನ.

ಇನ್ನು ಮಾಡಬಹುದಾದ ಕೆಲಸದ ಮಾತು. ಮಹಾವೀರ ಜಯಂತಿಯಂದು ಸೆರೆಮನೆಗೆ ಲಾಡು ಹಂಚಿ ಚಿತ್ರ ತೆಗೆಸಿಕೊಳ್ಳುವ ಪದ್ಧತಿ ಅನೇಕ ಊರುಗಳಲ್ಲಿದೆ. ಸಿಹಿಯನ್ನು ಯಾರೂ ಬೇಡವೆನ್ನುವುದಿಲ್ಲ, ಹಂಚಬಹುದು. ಆದರೆ ಉಳಿದ 364 ದಿನಗಳ ಸಾಂಬಾರು ಇದರಿಂದ ಬದಲಾಗದು. ಬದಲಾಗಬಲ್ಲದ್ದು ಚಿಕ್ಕದು. ಬೇಳೆ ಬೆಂದ ಮೇಲೆ, ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ಬೀಳುವ ಮುನ್ನ, ಬೇಕೆಂದವರಿಗಾಗಿ ಒಂದು ಪಾತ್ರೆಯಷ್ಟನ್ನು ಬೇರೆ ತೆಗೆದಿಡಬೇಕು. ತಲೆಗಿಷ್ಟು ಗ್ರಾಂ ಎಂಬ ಲೆಕ್ಕ ಹಾಗೆಯೇ ಉಳಿಯುತ್ತದೆ, ಖರ್ಚಿನ ಬಾಬಿನಲ್ಲಿ ಒಂದು ಪೈಸೆಯೂ ಏರುವುದಿಲ್ಲ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವ ಸಂಭವವೂ ಇಲ್ಲ. ಆ ಪಾತ್ರೆಗೆ ಜೈನ ಅಡುಗೆಯೆಂದು ಹೆಸರಿಡುವುದು ಬೇಡ. ಇಂದ್ರಕೀಲಾದ್ರಿಯ ಭವಾನಿ ದೀಕ್ಷೆ ಹಿಡಿದವರು, ಅಯ್ಯಪ್ಪ ಮಾಲೆ ಧರಿಸಿದವರು, ಮೈಗೆ ಒಗ್ಗದ ವೃದ್ಧರು, ಎಲ್ಲರೂ ಅದರಿಂದ ಬಡಿಸಿಕೊಳ್ಳಲಿ. ಆ ಪಾತ್ರೆಗೂ ಸೌಟಿಗೂ ಕೈಹಾಕುವವನು ಎಂದಿನ ಅಡುಗೆಯವನೇ ಇರಲಿ. ಬೆಟ್ಟದವರಿಗೆ ವಾರದಲ್ಲಿ ಕೆಲವು ಬೆಳಗಾದರೂ ಚೋಡಿ ಅಂಬಲಿ ಸಿಗುವಂತಾಗಬೇಕೆಂಬುದನ್ನೂ ಅದೇ ಮನವಿಯಲ್ಲಿ ಸೇರಿಸಿದರೆ, ಕೇಳುವವರ ಮಾತಿಗೆ ತೂಕ ಬರುತ್ತದೆ.

ಮನವಿಯನ್ನು ಕಾರಾಗೃಹದ ಅಧೀಕ್ಷಕರಿಗೆ ಬರೆದು, ಪ್ರತಿಯನ್ನು ಜಿಲ್ಲಾ ನ್ಯಾಯಾಧೀಶರಿಗೂ ಸಂದರ್ಶಕರ ಮಂಡಳಿಗೂ ಕಳುಹಿಸಬೇಕು. ಆ ಮಂಡಳಿಗೆ ಸರಕಾರದ ಹೊರಗಿನವರನ್ನೂ ನೇಮಿಸುತ್ತಾರೆ. ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಕನ್ನಡ ಬಲ್ಲ, ತೆಲುಗು ಬಲ್ಲ, ನಿವೃತ್ತರಾದ ಶ್ರಾವಕರಿದ್ದಾರೆ. ಅವರಲ್ಲಿ ಯಾರಾದರೂ ಮುಂದೆ ಬಂದು ತಿಂಗಳಿಗೊಮ್ಮೆ ಅಡವಿವರಂನ ಅಡುಗೆಮನೆಯವರೆಗೆ ಹೋಗಿ ಬರಲು ಸಿದ್ಧರಾಗಬೇಕು. ಮನೆಯವರಿಲ್ಲದ, ಹಣ ಕಟ್ಟುವವರಿಲ್ಲದ ಬಂದಿಗಳ ಕ್ಯಾಂಟೀನ್ ಖಾತೆಗೆ ಲಾಡುವಿನ ಹಣವನ್ನು ಜಮೆ ಮಾಡಲು ನಿಯಮದಲ್ಲಿ ದಾರಿಯಿದೆಯೇ ಎಂಬುದನ್ನೂ ಅವರೇ ವಿಚಾರಿಸಬಹುದು.

ಸಮಾಜದವರೇ ಒಬ್ಬರು ಒಳಗೆ ಹೋಗುವ ಸಂದರ್ಭ ಬಂದು, ಅವರಿಗಾಗಿ 31ನೆಯ ಕಲಮಿನ ಕೆಳಗೆ ಅರ್ಜಿ ಬರೆಯಬೇಕಾದಾಗ, ಆ ಅರ್ಜಿಯಲ್ಲಿ ವ್ರತಗಳನ್ನು ಒಂದೊಂದಾಗಿ ಸ್ಪಷ್ಟವಾಗಿ ಹೆಸರಿಸಿರಿ: ಕಂದಮೂಲ ತ್ಯಾಗ, ಗಾಳಿಸಿದ ನೀರು, ಸೂರ್ಯಾಸ್ತಕ್ಕೆ ಮುನ್ನ ಊಟ, ಅಷ್ಟಮಿ ಚತುರ್ದಶಿಗಳ ಉಪವಾಸ. ತಾವು ಇಂಥ ಕುಲದವರು, ಇಂಥವರ ಕೈಯಡುಗೆ ಸಲ್ಲದು ಎಂಬ ಒಕ್ಕಣೆ ವಕೀಲರ ಗುಮಾಸ್ತರ ಹಳೆಯ ನಮೂನೆಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಆ ಸಾಲನ್ನು ಹೊಡೆದುಹಾಕಿಸಿ, ಆಮೇಲೆ ಸಹಿ ಮಾಡಿರಿ.